ಘಟ್ಟವನ್ನು ಹತ್ತಿಸಿದ ಬಯಲು: ಹೆಗ್ಗಳದ ಹಳೆಯ ದಾರಿ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು



ಹುಣಸೂರಿನಲ್ಲಿ ಕಣ್ಣೂರಿನ ಬಸ್ಸು ಹತ್ತಿದವರಿಗೆ ದಾರಿ ಗೊತ್ತು. ಪಂಚವಳ್ಳಿ ದಾಟಿ, ಆನೆಚೌಕೂರಿನ ಗೇಟು ಕಳೆದು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ. ಅಲ್ಲಿಂದ ಪೆರುಂಬಾಡಿಗೆ ಬಂದರೆ ಘಟ್ಟದ ಮೇಲಿನ ನಾಡು ಮುಗಿಯಿತು. ಆಮೇಲೆ ಮಾಕುಟ್ಟದ ಕಾಡಿನೊಳಗೆ ತಿರುವಿನ ಮೇಲೆ ತಿರುವು ಇಳಿದು, ಕೂಟುಪುಳದಲ್ಲಿ ಹೊಳೆ ದಾಟಿ ಕೇರಳ. ಬಸ್ಸಿನಲ್ಲಿ ಅರ್ಧ ನಿದ್ದೆಯಲ್ಲಿ ಇಳಿದುಬಿಡುವ ಈ ಘಟ್ಟ 1791ರಿಂದ 1834ರವರೆಗೆ ದಕ್ಷಿಣ ಭಾರತದ ರಾಜಕಾರಣವನ್ನು ಮತ್ತೆ ಮತ್ತೆ ತಿರುಗಿಸಿದ ದಾರಿ. ಅಂದಿನ ಇಂಗ್ಲಿಷ್ ದಾಖಲೆಗಳಲ್ಲಿ ಇದು ಪುಡಿಚೇರಿ ಘಟ್ಟ, 1834ರ ಕೊಡಗಿನ ಯುದ್ಧದ ಹೊತ್ತಿಗೆ ಹೆಗ್ಗಳ ಘಟ್ಟ, ಇಂದು ಪೆರುಂಬಾಡಿ ಅಥವಾ ಮಾಕುಟ್ಟ ರಸ್ತೆ. ಬಂಡಿ ರಸ್ತೆ ಬಂದ ಮೇಲೆ ಹೇರೆತ್ತು ಮತ್ತು ತೋಪುಗಳ ಕಾಲದ ಏರುಜಾಡು ಕಾಡಿಗೆ ಬಿಟ್ಟುಹೋಯಿತು. ಬಂಡಿ ರಸ್ತೆಯ ಮೇಲೆ ಟಾರು ಬಂದಿದೆ, ಆದರೆ ಆ ರಸ್ತೆಗಿದ್ದ ಹಿಂದಿನ ಸ್ಥಾನಮಾನ ಈಗಿಲ್ಲ.

ಈ ಹಳೆಯ ಘಟ್ಟದ ಎಂಜಿನಿಯರಿಂಗ್ ಚರಿತ್ರೆಯೇ ಇಂದಿನ ನನ್ನ ವಿಷಯ. ಅದನ್ನು ಹುಣಸೂರಿನಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಘಟ್ಟದ ರಸ್ತೆ ಎಂದರೆ ನಾವು ಬಂಡೆ ಒಡೆಯುವುದನ್ನು, ಮದ್ದು ಸಿಡಿಸುವುದನ್ನು, ಪ್ರಪಾತದ ಮೇಲಿನ ಸೇತುವೆಯನ್ನು ನೆನೆಯುತ್ತೇವೆ. ನನ್ನ ವಾದ ಬೇರೆ. ಈ ಘಟ್ಟವನ್ನು ಹತ್ತಿಸಿದ್ದು ಬಯಲು. ಪಿರಿಯಾಪಟ್ಟಣದ ಕೋಟೆ, ಎಡತೊರೆಯ ಹೊಳೆಗಡವು, ಹೆಗ್ಗಡದೇವನಕೋಟೆಯ ಕಾಡು, ಹುಣಸೂರಿನ ಕೊಟ್ಟಿಗೆ ಮತ್ತು ಕಾರ್ಖಾನೆ ಇಲ್ಲದಿದ್ದರೆ ಆ ದಾರಿ ಅಷ್ಟು ಕಾಲ ನಡೆಯುತ್ತಿರಲಿಲ್ಲ. ಬಯಲಿನ ಈ ಏರ್ಪಾಡು ಕಳಚಿದ ಮೇಲೆಯೇ ಘಟ್ಟದ ಮಹತ್ವವೂ ಇಳಿಯಿತು.

ದಾರಿ ಬೇಕಾದದ್ದು ಯಾರಿಗೆ

ಯುದ್ಧಕ್ಕೆ ಮೊದಲೂ ಇಲ್ಲಿ ದಾರಿಯಿತ್ತು. ಕೊಡಗಿನ ಅಕ್ಕಿ ಮಲೆಯಾಳಕ್ಕೆ ಇಳಿಯುತ್ತಿತ್ತು; ಉಪ್ಪು, ಒಣಮೀನು, ತೆಂಗು ಮೇಲೆ ಬರುತ್ತಿದ್ದವು. ಎತ್ತಿನ ಬೆನ್ನಿನ ಮೇಲೆ ಗೋಣಿ ಹೇರಿ ಸಾಲಾಗಿ ನಡೆಸುವ ವ್ಯಾಪಾರಕ್ಕೆ ಅಗಲವಾದ ರಸ್ತೆ ಬೇಕಿಲ್ಲ. ಎತ್ತಿನ ಗೊರಸಿಗೆ ಹಿಡಿತ ಸಿಕ್ಕರೆ ಸಾಕು. ಹಾಗಾಗಿ ಅಂಥ ಜಾಡು ಬೆಟ್ಟದ ಏಣನ್ನು ಹಿಡಿದು ನೆಟ್ಟಗೆ ಹತ್ತುತ್ತದೆ. ಕೊಡಗಿನ ಅರಸರಿಗೂ ದಾರಿ ಇಷ್ಟೇ ಇರುವುದು ಅನುಕೂಲವಾಗಿತ್ತು. ಘಟ್ಟದ ಬಾಯಲ್ಲಿ ಉಕ್ಕಡ ಕಟ್ಟಿ, ಕಾವಲು ಇಟ್ಟು, ಬಂದುಹೋಗುವವರನ್ನು ಎಣಿಸುತ್ತಿದ್ದ ರಾಜ್ಯಕ್ಕೆ ಸಲೀಸಾದ ರಸ್ತೆ ಎಂದರೆ ಶತ್ರುವಿಗೆ ಹಾಸಿದ ಚಾಪೆ. ನಾಡಿನ ತುಂಬ ಕಾವಲಿನ ಕಂದಕಗಳಾದ ಕಡಂಗಗಳನ್ನು ತೋಡಿದ ಜನ ರಸ್ತೆಯ ಮಹತ್ವ ತಿಳಿಯದವರಲ್ಲ, ತಿಳಿದೇ ಮಾಡಲಿಲ್ಲ.

ಇದು ಬದಲಾದದ್ದಕ್ಕೆ ಪಿರಿಯಾಪಟ್ಟಣವೇ ಕಾರಣ ಎನ್ನಬಹುದು. ಟಿಪ್ಪು ಸುಲ್ತಾನ್ ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆಯಿಟ್ಟಿದ್ದ ಕೊಡಗಿನ ದೊಡ್ಡವೀರರಾಜೇಂದ್ರ 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ನಾಡು ಸೇರಿದ. 1790ರ ಅಕ್ಟೋಬರಿನಲ್ಲಿ ಆತ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಕಂಪನಿಯ ಬೊಂಬಾಯಿ ಸೈನ್ಯಕ್ಕೆ ಮಲಬಾರಿನಿಂದ ಶ್ರೀರಂಗಪಟ್ಟಣಕ್ಕೆ ಕೊಡಗಿನೊಳಗೆ ದಾರಿ ಕೊಡುವುದು, ದವಸ ಮತ್ತು ದನ ಒದಗಿಸುವುದು ಅದರಿಂದ ಆದ ಕೆಲಸ. ಶತ್ರುವನ್ನು ತಡೆಯಲು ಇಕ್ಕಟ್ಟಾಗಿ ಉಳಿಸಿಕೊಂಡಿದ್ದ ಘಟ್ಟವನ್ನು ಈಗ ಮಿತ್ರನ ತೋಪುಗಳಿಗಾಗಿ ತೆರೆಯಬೇಕಾಯಿತು.

ಒಂದು ತೋಪಿನ ಲೆಕ್ಕ

ಜನರಲ್ ರಾಬರ್ಟ್ ಅಬರ್‌ಕ್ರಾಂಬಿಯ ಸೈನ್ಯ 1791ರ ಆರಂಭದಲ್ಲಿ ಈ ಘಟ್ಟ ಹತ್ತಿತು. ಅದರ ಜೊತೆ ಕೋಟೆ ಒಡೆಯುವ ಭಾರಿ ತೋಪುಗಳಿದ್ದವು. ಇಲ್ಲಿ ವಿದ್ಯಾರ್ಥಿಗಳು ಕಾಗದ ಪೆನ್ನು ತೆಗೆದುಕೊಳ್ಳಬಹುದು, ಏಕೆಂದರೆ ಘಟ್ಟದ ಎಂಜಿನಿಯರಿಂಗ್ ಪೂರ್ತಿ ಈ ಒಂದು ಲೆಕ್ಕದಲ್ಲಿದೆ.

ಹದಿನೆಂಟು ಪೌಂಡಿನ ಗುಂಡು ಹಾರಿಸುವ ಕಬ್ಬಿಣದ ತೋಪಿನ ನಳಿಕೆಯೊಂದೇ ಸುಮಾರು 2 ಟನ್ ತೂಗುತ್ತದೆ. ಅದನ್ನು ಹೊತ್ತ ಗಾಡಿಯೂ ಸೇರಿ 3 ಟನ್ ಎಂದಿಟ್ಟುಕೊಳ್ಳಿ. ಗಟ್ಟಿ ಮಣ್ಣಿನ ದಾರಿಯಲ್ಲಿ ಚಕ್ರ ಉರುಳಿಸುವುದಕ್ಕೇ ತೂಕದ ಇಪ್ಪತ್ತನೆಯ ಒಂದು ಪಾಲು, ಅಂದರೆ 150 ಕಿಲೋ ಎಳೆತ ಬೇಕು. ಹೇರೆತ್ತಿನ ಜಾಡಿನಂತೆ ಐದು ಅಡಿಗೆ ಒಂದು ಅಡಿ ಏರಿದರೆ ಇದರ ಮೇಲೆ ಇನ್ನೂ 600 ಕಿಲೋ ಸೇರುತ್ತದೆ. ಒಟ್ಟು 750. ಒಳ್ಳೆಯ ಎತ್ತು ದಿನವಿಡೀ ಸುಸ್ತಾಗದೆ ಎಳೆಯುವುದು ತನ್ನ ತೂಕದ ಹತ್ತನೆಯ ಒಂದು ಪಾಲು, ಹೆಚ್ಚೆಂದರೆ 45 ಕಿಲೋ. ಹಾಗಾದರೆ ಲೆಕ್ಕಕ್ಕೆ 17 ಎತ್ತು, ಜೋಡಿಯ ಲೆಕ್ಕದಲ್ಲಿ ಒಂಬತ್ತು ಜೋಡಿ ಬೇಕು. ಅದೇ ತೋಪು ಇಪ್ಪತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ಬಂದರೆ ಒಟ್ಟು ಎಳೆತ 300 ಕಿಲೋ. ನಾಲ್ಕು ಜೋಡಿ ಸಾಕು.

ಹಾಗಿದ್ದರೆ ಒಂಬತ್ತು ಜೋಡಿ ಕಟ್ಟಿದರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ಒಂಬತ್ತು ಜೋಡಿಯ ಸಾಲು ಇಪ್ಪತ್ತೈದು ಮೀಟರಿಗೂ ಉದ್ದ. ಬೆಟ್ಟದ ಜಾಡು ಅಷ್ಟು ದೂರ ನೇರವಾಗಿ ಹೋಗುವುದೇ ಅಪರೂಪ. ತಿರುವಿನಲ್ಲಿ ಮುಂದಿನ ಜೋಡಿಗಳು ಆಗಲೇ ಆಚೆಗೆ ತಿರುಗಿರುತ್ತವೆ. ಅವು ಎಳೆದರೆ ತೋಪು ಮುಂದೆ ಹೋಗುವ ಬದಲು ದಾರಿಯ ಒಳಬದಿಗೆ ಸರಿಯುತ್ತದೆ. ಜೊತೆಗೆ ಅಷ್ಟೂ ಎತ್ತುಗಳು ಒಂದೇ ಗಳಿಗೆಗೆ ಕೊರಳು ಕೊಡುವುದಿಲ್ಲ. ಎರಡು ಎಳೆಯುವಾಗ ನಾಲ್ಕು ನಿಂತಿರುತ್ತವೆ. ಆದ್ದರಿಂದ ಕಡಿದಾದ ಕಡೆ ಎತ್ತುಗಳನ್ನು ಬಿಚ್ಚಿ, ಮರಕ್ಕೆ ಕಪ್ಪಿ ಕಟ್ಟಿ, ಹಗ್ಗ ಹಾಯಿಸಿ ಜನರೇ ಎಳೆಯಬೇಕು, ಹಿಂದಿನಿಂದ ಆನೆ ತಳ್ಳಬೇಕು, ಪ್ರತಿ ಎಳೆತಕ್ಕೂ ಚಕ್ರದ ಹಿಂದೆ ಕಲ್ಲು ಕೊಡಬೇಕು.

ಇದಕ್ಕೆ ರಸ್ತೆಯವರ ಉತ್ತರ ಒಂದೇ: ಏರನ್ನು ಹಿಗ್ಗಿಸುವುದು. ಐದಕ್ಕೊಂದರ ಜಾಡಿನಲ್ಲಿ 100 ಮೀಟರ್ ಎತ್ತರ ಹತ್ತಲು ಅರ್ಧ ಕಿಲೋಮೀಟರ್ ಸಾಕು. ಇಪ್ಪತ್ತಕ್ಕೊಂದರಲ್ಲಿ ಎರಡು ಕಿಲೋಮೀಟರ್ ಬೇಕು. ನಾಲ್ಕು ಪಟ್ಟು ಉದ್ದ ಎಂದರೆ ನಾಲ್ಕು ಪಟ್ಟು ಕಾಡು ಕಡಿಯುವುದು, ಬೆಟ್ಟದ ಮೈ ಕೊರೆಯುವುದು, ಹಳ್ಳ ದಾಟಿಸುವುದು. ಹಳೆಯ ಜಾಡನ್ನು ಅಗಲ ಮಾಡಿ ಬಂಡಿ ರಸ್ತೆಯಾಗಿಸಲು ಬರುವುದಿಲ್ಲ. ಹೊಸ ಜಾಡೇ ಬೇಕು. ಘಟ್ಟಗಳಲ್ಲಿ ಒಂದರ ಪಕ್ಕ ಇನ್ನೊಂದು ದಾರಿ ಪಾಳುಬಿದ್ದಿರುವುದರ ಕಾರಣ ಇದು. ಕಾಡಿನಲ್ಲಿ ಹಳೆಯ ಜಾಡು ಹುಡುಕುವವರು ಇದನ್ನು ನೆನಪಿಡಬೇಕು: ಏಣಿನ ಮೇಲೆ ನೆಟ್ಟಗೆ ಏರುವ, ಗೊರಸಿನಿಂದ ಸವೆದು ಕಾಲುವೆಯಂತಾದ ತಗ್ಗು ಹೇರೆತ್ತಿನದು, ಬೆಟ್ಟದ ಪಕ್ಕೆಯನ್ನು ಕೊರೆದು ಒಂದೇ ಸಮನೆ ನಿಧಾನವಾಗಿ ಏರುವ ಜಾಡು ಬಂಡಿಯದು.

1791, 1792, 1799

ಅಷ್ಟು ಕಷ್ಟಪಟ್ಟು ಹತ್ತಿಸಿದ ತೋಪುಗಳ ಗತಿ ಏನಾಯಿತು? ಅಬರ್‌ಕ್ರಾಂಬಿ ಪಿರಿಯಾಪಟ್ಟಣದವರೆಗೆ ಬಂದ. ಆ ಕಡೆ ಕಂಪನಿಯ ಮುಖ್ಯ ಸೈನ್ಯದೊಡನೆ ಬಂದ ಲಾರ್ಡ್ ಕಾರ್ನ್‌ವಾಲಿಸ್ 1791ರ ಮೇ 15ರಂದು ಶ್ರೀರಂಗಪಟ್ಟಣದ ಬಳಿ ಅರಕೆರೆಯಲ್ಲಿ ಗೆದ್ದೂ ಮುಂದೆ ಹೋಗಲಾಗಲಿಲ್ಲ. ಮುಂಗಾರು ಹಿಡಿದಿತ್ತು, ಮೇವಿಲ್ಲದೆ ರೋಗ ತಗುಲಿ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ಭಾರಿ ತೋಪುಗಳನ್ನು ತಾನೇ ಒಡೆದುಹಾಕಿ ಆತ ಬೆಂಗಳೂರಿಗೆ ಹಿಂದಿರುಗಿದ. ಅಬರ್‌ಕ್ರಾಂಬಿಗೂ ಹಿಂದಿರುಗುವ ಆಜ್ಞೆ ಬಂತು. ಮಳೆಯಲ್ಲಿ ಭಾರಿ ತೋಪುಗಳನ್ನು ಘಟ್ಟ ಇಳಿಸಿಕೊಂಡು ಹೋಗುವುದು ಆಗದ ಮಾತು, ಅವನ್ನು ಮೇಲೆಯೇ ಬಿಟ್ಟು ಸೈನ್ಯ ಮಲಬಾರಿಗೆ ಇಳಿಯಿತು. ಆ ವರ್ಷ ಶ್ರೀರಂಗಪಟ್ಟಣ ಉಳಿದದ್ದು ಕೋಟೆಯ ಬಲದಿಂದ ಎಷ್ಟೋ, ಎತ್ತಿನ ಕೊರತೆಯಿಂದಲೂ ಅಷ್ಟೇ.

1792ರ ಫೆಬ್ರವರಿಯಲ್ಲಿ ಅದೇ ಸೈನ್ಯ ಮತ್ತೆ ಬಂತು. ಈ ಸಲ ಪಿರಿಯಾಪಟ್ಟಣದ ಕಡೆಯಿಂದ ಬಂದು ಎಡತೊರೆಯಲ್ಲಿ ಕಾವೇರಿ ದಾಟಿ, ಫೆಬ್ರವರಿ 16ರಂದು ಕಾರ್ನ್‌ವಾಲಿಸನ ಸೈನ್ಯವನ್ನು ಕೂಡಿಕೊಂಡಿತು. ಎಡತೊರೆ ಎಂದರೆ ಇಂದಿನ ಕೃಷ್ಣರಾಜನಗರದ ಹಳೆಯ ಊರು. ಅಲ್ಲಿಯ ಹೊಳೆಗಡವು ಈ ಘಟ್ಟದ ದಾರಿಯದೇ ಒಂದು ಭಾಗ ಎಂದು ನಾವು ಯೋಚಿಸುವುದಿಲ್ಲ. ಬೇಸಿಗೆಯ ತಿಂಗಳಲ್ಲಿ ತೋಪಿನ ಬಂಡಿ ದಾಟಬಲ್ಲ ಗಟ್ಟಿ ತಳದ ಕಡವು ಸಿಗದಿದ್ದರೆ ಘಟ್ಟ ಹತ್ತಿಯೂ ಪ್ರಯೋಜನವಿಲ್ಲ. ಅದೇ ವರ್ಷ ದೊಡ್ಡವೀರರಾಜೇಂದ್ರ ಅಬರ್‌ಕ್ರಾಂಬಿಯ ಭೇಟಿಯ ನೆನಪಿಗೆ ವಿರಾಜಪೇಟೆಯನ್ನು ಕಟ್ಟಿಸಿದ. ಘಟ್ಟದ ದಾರಿಯೊಂದು ಒಂದು ಪೇಟೆಯನ್ನೇ ಹುಟ್ಟಿಸಿತು.

ಮೂರನೆಯ ಸಲ 1799. ಜನರಲ್ ಜೇಮ್ಸ್ ಸ್ಟುವರ್ಟನ ಬೊಂಬಾಯಿ ಸೈನ್ಯ ಫೆಬ್ರವರಿ 21ರಂದು ಕಣ್ಣೂರು ಬಿಟ್ಟು 25ರ ಹೊತ್ತಿಗೆ ಘಟ್ಟದ ತಲೆ ಸೇರಿತು. ಎಂಟು ವರ್ಷದ ಹಿಂದೆ ಕಂಡಿದ್ದ ದಾರಿ, ಜೊತೆಗಿದ್ದ ಕೊಡಗಿನ ಅರಸ, ಎರಡೂ ಸೇರಿ ಕೆಲಸ ಹಗುರವಾಗಿತ್ತು. ಆದರೆ ಮೇಲೆ ಬಂದ ಮೇಲೆ ಕಾಡು ತನ್ನ ಲೆಕ್ಕ ಕೇಳಿತು. ಆರು ಸಾವಿರ ಚಿಲ್ಲರೆ ಸೈನಿಕರು ಒಂದೇ ಕಡೆ ಡೇರೆ ಹೊಡೆಯುವಷ್ಟು ಬಯಲು ಅಲ್ಲಿಲ್ಲ. ಕರ್ನಲ್ ಮಾಂಟ್ರೆಸರನ ತುಕಡಿ ಮುಂದೆ ಸಿದ್ಧೇಶ್ವರದ ಗುಡ್ಡದ ಬಳಿ, ಉಳಿದವರು ಮೈಲುಗಟ್ಟಲೆ ಹಿಂದೆ ಸಿದ್ದಾಪುರದ ಕಡೆ, ಹೀಗೆ ದಾರಿಯುದ್ದಕ್ಕೂ ಚೂರುಚೂರಾಗಿ ನಿಂತರು. ಪಿರಿಯಾಪಟ್ಟಣದ ಕಡೆ ಎದ್ದ ಡೇರೆಗಳು ಮಾರ್ಚ್ 5ರಂದು ಗುಡ್ಡದ ಮೇಲಿದ್ದವರ ಕಣ್ಣಿಗೆ ಬಿದ್ದವು. ಮರುದಿನ ಬೆಳಿಗ್ಗೆ ಟಿಪ್ಪುವಿನ ಸೈನ್ಯ ಕಾಡಿನೊಳಗಿಂದ ನುಗ್ಗಿ ಆ ಮುಂದಿನ ತುಕಡಿಯನ್ನು ಹಿಂದಿನವರಿಂದ ಕಡಿದುಹಾಕಿತು. ಸ್ಟುವರ್ಟ್ ನೆರವು ತಂದು ತಲುಪುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ತುಕಡಿ ಉಳಿದುಕೊಂಡಿತು, ಏಪ್ರಿಲ್ 14ರಂದು ಸ್ಟುವರ್ಟ್ ಶ್ರೀರಂಗಪಟ್ಟಣದಲ್ಲಿ ಕಂಪನಿಯ ಮುಖ್ಯ ಸೈನ್ಯದ ಜನರಲ್ ಹ್ಯಾರಿಸನನ್ನು ಸೇರಿದ, ಮೇ 4ರಂದು ಕೋಟೆ ಬಿತ್ತು. ಮಾರ್ಚ್ 6ರಂದು ಎರಡೂ ಕಡೆಯ ಚಲನೆಯನ್ನು ನಿರ್ಧರಿಸಿದ್ದು ಕಾಡಿನೊಳಗಿನ ಒಂದೇ ಇಕ್ಕಟ್ಟು ದಾರಿ.

ಈ ಮೂರು ನಡೆಗಳ ಬೆಲೆಯನ್ನು ತೆತ್ತದ್ದು ಪಿರಿಯಾಪಟ್ಟಣ. 1800ರಲ್ಲಿ ಕಂಪನಿಯ ಪರವಾಗಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೂ ಬಂದ. ಆತ ಬರೆದಿಟ್ಟದ್ದು ಹಾಳುಬಿದ್ದ ಕೋಟೆಯನ್ನು, ಅದರೊಳಗೆ ಸೇರಿಕೊಂಡ ಹುಲಿಗಳನ್ನು.

ಹುಣಸೂರಿನ ಪಾಲು

1799ರ ಮೇಲೆ ಮೈಸೂರಿನ ಯುದ್ಧ ನಿಂತಿತು, ಆದರೆ ಎತ್ತಿನ ಪಾಠವನ್ನು ಕಂಪನಿ ಮರೆಯಲಿಲ್ಲ. ಪಾಠ ಹೇಳಿಕೊಟ್ಟವರು ಮೈಸೂರಿನವರೇ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಾಗಿ ಆರಂಭವಾಗಿ, ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನಿಂದ ಅಮೃತ ಮಹಲ್ ಎಂಬ ಹೆಸರು ಮತ್ತು ಕಟ್ಟುನಿಟ್ಟಾದ ನಿಯಮ ಪಡೆದ ರಾಸುಗಳ ಇಲಾಖೆಯಿಂದ ಬಂದ ಪಾಠ ಅದು. ಹೈದರ್ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಇಂಗ್ಲಿಷರೇ ಬರೆದುಕೊಂಡಿದ್ದಾರೆ. ಕಾರ್ನ್‌ವಾಲಿಸನ ಸತ್ತ ಎತ್ತುಗಳ ಪಕ್ಕ ಇದನ್ನಿಟ್ಟು ನೋಡಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಸುಗಳು ಕಂಪನಿಯ ಪಾಲಾದವು. ಸರಿಯಾದ ಆರೈಕೆಯಿಲ್ಲದೆ ತಳಿ ಕೆಟ್ಟಾಗ 1813ರಲ್ಲಿ ಮದರಾಸಿನ ಸೈನ್ಯ ಸರಬರಾಜು ಇಲಾಖೆಯಾದ ಕಮಿಸರಿಯಟ್‌ನ ಕ್ಯಾಪ್ಟನ್ ಹಾರ್ವೆಗೆ ಹೊಣೆ ಒಪ್ಪಿಸಿದರು. ಆ ಏರ್ಪಾಡಿನ ಮುಖ್ಯ ಠಾಣ್ಯ ಹುಣಸೂರು.

ಲಕ್ಷ್ಮಣತೀರ್ಥದ ದಂಡೆಯ ಈ ಊರಿನಲ್ಲಿ 1864ರವರೆಗೆ ಕಮಿಸರಿಯಟ್‌ನ ದೊಡ್ಡ ಕಾರ್ಖಾನೆಯಿತ್ತು. ಚರ್ಮ ಹದ ಮಾಡುವ ಶಾಲೆ, ಕಂಬಳಿ ನೇಯುವ ಶಾಲೆ, ಮರದ ಅಂಗಳ, ಬೂಟು, ಚೀಲ, ಹೇರೆತ್ತಿನ ಜೀನು. ಇವನ್ನು ಒಂದೊಂದಾಗಿ ಘಟ್ಟದ ದಾರಿಯ ಪಕ್ಕ ಇಟ್ಟು ನೋಡಬೇಕು. ಎತ್ತು ಕಟ್ಟಿ ಎಳೆಸಲು ಚರ್ಮದ ಪಟ್ಟಿ ಬೇಕು. ಘಟ್ಟದ ಚಳಿ ಮಳೆಗೆ ಸಿಪಾಯಿಗೂ ಕೂಲಿಗೂ ಕಂಬಳಿ ಬೇಕು. ಬಂಡೆಯ ಮೇಲೆ ಹಾರಿ ಬೀಳುವ ಚಕ್ರಕ್ಕೆ ಗಟ್ಟಿ ಮರ ಬೇಕು, ಅದಕ್ಕೆ ಕಾಕನಕೋಟೆ ಕಡೆಯ ಕಾಡಿದೆ. ಎತ್ತಿಗೆ ವರ್ಷವಿಡೀ ಮೇವು ಬೇಕು, ಅದಕ್ಕೆ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಹುಲ್ಲುಗಾವಲುಗಳನ್ನು ಕಾಯ್ದಿಟ್ಟಿದ್ದರು. ಇದೆಲ್ಲವೂ ಎಂಜಿನಿಯರಿಂಗೇ. ಇಳಿಜಾರನ್ನು ಇಪ್ಪತ್ತಕ್ಕೊಂದು ಮಾಡುವುದು ಎಷ್ಟು ಮುಖ್ಯವೋ, ಆ ಇಪ್ಪತ್ತಕ್ಕೊಂದರಲ್ಲಿ ನಾಲ್ಕು ಜೋಡಿ ಎಳೆಯಬಲ್ಲ ಎತ್ತನ್ನು ಸಾಕುವುದೂ ಅಷ್ಟೇ ಮುಖ್ಯ.

ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ದಾರಿ ಮತ್ತು ಎತ್ತಿನ ಈ ಲೆಕ್ಕವನ್ನು ಮೊದಲೇ ಚೆನ್ನಾಗಿ ಅರಿತಿದ್ದ. ಹೆಗ್ಗಡದೇವನಕೋಟೆಯ ಗಡಿಯಾಚೆ ವಯನಾಡಿನಲ್ಲಿ ಪಳಸ್ಸಿ ರಾಜ ಕಂಪನಿಯನ್ನು ಎದುರಿಸಿದಾಗ, ಕಾಡಿನಲ್ಲಿ ರಸ್ತೆ ಕಡಿಸುವುದನ್ನೇ ಆತ ಯುದ್ಧದ ಮೊದಲ ಕೆಲಸವಾಗಿ ಹಿಡಿದ. 1801ರಲ್ಲಿ ಕರ್ನಲ್ ಸ್ಟೀವನ್‌ಸನ್ ಮೈಸೂರಿನ ಕಡೆಯಿಂದ ವಯನಾಡಿಗೆ ನುಗ್ಗಿದ. ಪಳಸ್ಸಿ ರಾಜ 1805ರ ನವೆಂಬರ್ 30ರಂದು ಮಡಿದದ್ದು ನಮ್ಮ ಗಡಿಗೆ ಅಂಟಿಕೊಂಡಂತಿರುವ ಪುಲ್ಪಳ್ಳಿಯ ಸೀಮೆಯಲ್ಲಿ.

1834ರ ಏಪ್ರಿಲ್‌ನಲ್ಲಿ ಕೊಡಗಿನ ಮೇಲೆಯೇ ಕಂಪನಿ ನಾಲ್ಕು ಕಡೆಯಿಂದ ಏರಿಹೋದಾಗ, ಕರ್ನಲ್ ಫೌಲಿಸನ ದಂಡು ಬಂದದ್ದು ಇದೇ ಹೆಗ್ಗಳ ಘಟ್ಟ ಹತ್ತಿ. ದೊಡ್ಡವೀರರಾಜೇಂದ್ರ ಮಿತ್ರನಿಗೆಂದು ತೆರೆದ ದಾರಿಯಲ್ಲಿ ಅವನ ವಂಶದ ರಾಜ್ಯ ಮುಗಿಯಿತು. ಉಕ್ಕಡ ಕಟ್ಟಿದ ಹಿಂದಿನವರ ಅಳುಕು ಸುಳ್ಳಾಗಿರಲಿಲ್ಲ.

ನೀರಿನ ಜೊತೆ ಜಗಳ

ಯುದ್ಧದ ದಾರಿ ವ್ಯಾಪಾರದ ದಾರಿಯಾದದ್ದು ಕಾಫಿಯಿಂದ. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬಾತ ಕೊಡಗಿನ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ. ಆಮೇಲೆ ಕಾಫಿ ಮೂಟೆಗಳು ತಲಶ್ಶೇರಿ ಕಣ್ಣೂರುಗಳಿಗೆ ಈ ಘಟ್ಟದಲ್ಲಿ ಇಳಿದವು. ಈಗ ಬೇಕಾದದ್ದು ವರ್ಷವಿಡೀ, ನೂರಾರು ಬಂಡಿ ಓಡಾಡುವ ರಸ್ತೆ. ಅಲ್ಲಿಂದ ಎದುರಾಳಿ ಏರು ಅಲ್ಲ, ನೀರು.

ಬೆಟ್ಟದ ಪಕ್ಕೆ ಕೊರೆದು ರಸ್ತೆ ಮಾಡಿದ ದಿನವೇ ಆ ಬೆಟ್ಟದ ಬುಡವನ್ನು ನಾವು ಕತ್ತರಿಸಿರುತ್ತೇವೆ. ಮೇಲಿನ ಮಣ್ಣಿಗೆ ಆಸರೆ ತಪ್ಪಿರುತ್ತದೆ. ಮಳೆ ನೀರು ಆ ಮಣ್ಣಿಗಿಳಿದರೆ ಭಾರ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಗುಡ್ಡ ಜಾರುತ್ತದೆ. ಆದ್ದರಿಂದ ಮೇಲ್ಬದಿಯ ಚರಂಡಿ ರಸ್ತೆಗಿಂತ ಮುಖ್ಯ. ಗುಡ್ಡದಿಂದ ಇಳಿಯುವ ನೀರನ್ನು ಅಲ್ಲೇ ಹಿಡಿದು, ಹತ್ತಿರ ಹತ್ತಿರವಾಗಿ ಮೋರಿಗಳ ಮೂಲಕ ಕೆಳಬದಿಗೆ ದಾಟಿಸಬೇಕು. ಕೆಳಬದಿಯ ಕಲ್ಲಿನ ತಡೆಗೋಡೆಯಲ್ಲಿ ನೀರು ಸೋರಲು ಕಿಂಡಿ ಬಿಡಬೇಕು. ಗಾರೆ ಮೆತ್ತಿ ಕಿಂಡಿ ಮುಚ್ಚಿದರೆ ಒಳಗೆ ನೀರು ನಿಂತು ಗೋಡೆಯೇ ಉರುಳುತ್ತದೆ. ಇಷ್ಟು ಮಾಡಿದರೂ ಜೂನ್ ತಿಂಗಳ ಒಂದೇ ರಾತ್ರಿಯಲ್ಲಿ ಎಲೆ, ಕೊಂಬೆ, ಮಣ್ಣು ಬಂದು ಮೋರಿ ಕಟ್ಟಿಕೊಳ್ಳುತ್ತದೆ. ಗುದ್ದಲಿ ಹಿಡಿದ ಒಬ್ಬ ಗ್ಯಾಂಗ್‌ಮನ್ ಬೆಳಗ್ಗೆ ಹೋಗಿ ಅದನ್ನು ಬಿಡಿಸಿದರೆ ರಸ್ತೆ ಉಳಿಯಿತು. ಅವನ ಹುದ್ದೆ ಖಾಲಿ ಬಿದ್ದರೆ ಎರಡು ಮಳೆಗಾಲದಲ್ಲಿ ರಸ್ತೆ ಹೋಯಿತು.

2018ರ ಜೂನ್‌ನಲ್ಲಿ ಮಾಕುಟ್ಟ ರಸ್ತೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ ನಮಗೆಲ್ಲ ಇದು ಕಣ್ಣಿಗೆ ಕಂಡಿತು. ಆಗ ಹುಣಸೂರಿನ ತರಕಾರಿ ಲಾರಿಗಳೂ ಕಣ್ಣೂರಿನ ಬಸ್ಸುಗಳೂ ಬೇರೆ ದಾರಿ ಹುಡುಕಿಕೊಂಡವು.

ಘಟ್ಟ ಹಿಂದೆ ಬಿದ್ದದ್ದು ಹೇಗೆ

ಘಟ್ಟ ಹಿಂದೆ ಬಿದ್ದದ್ದು ಮಾತ್ರ ಕುಸಿತದಿಂದಲ್ಲ. 1860ರಲ್ಲಿ ಖರ್ಚು ಉಳಿಸಲೆಂದು ಅಮೃತ ಮಹಲ್ ಮುಚ್ಚಿದರು. 1866ರಲ್ಲಿ ಮತ್ತೆ ತೆರೆಯಬೇಕಾಯಿತು. 1864ರಲ್ಲಿ ಹುಣಸೂರಿನ ಕಮಿಸರಿಯಟ್ ಮುಚ್ಚಿತು. ಕುಶಲಕರ್ಮಿಗಳು ಊರಲ್ಲೇ ಉಳಿದು ಸುತ್ತಲಿನ ಸೀಮೆಗೆ ಗಾಡಿ ಮಾಡಿಕೊಟ್ಟರು. 1882ರಲ್ಲಿ ಬೆಂಗಳೂರಿನ ರೈಲು ಮೈಸೂರಿಗೆ ಬಂತು, ಆಮೇಲೆ ಮೈಸೂರು ಅರಸೀಕೆರೆ ಹಳಿ ಕೃಷ್ಣರಾಜನಗರದ ಮೇಲೆ ಹೋಯಿತು. ಘಟ್ಟ ಇಳಿಯಬಹುದಾಗಿದ್ದ ದವಸಕ್ಕೆ ಬೇರೆ ದಿಕ್ಕು ಸಿಕ್ಕಿತು. ಕರಾವಳಿಯ ಕಡೆಯೂ ರೈಲು ಕಣ್ಣೂರು ಮುಟ್ಟಿತು. ಎರಡು ಹಳಿಗಳ ನಡುವೆ ಘಟ್ಟವೊಂದೇ ಬಂಡಿಯ ಕಾಲದಲ್ಲಿ ಉಳಿಯಿತು. ತಲಶ್ಶೇರಿ ಮೈಸೂರು ರೈಲಿನ ಮಾತು ಬ್ರಿಟಿಷರ ಕಾಲದಿಂದ ಇಂದಿನವರೆಗೆ ಮಾತಾಗಿಯೇ ಇದೆ. 1974ರಲ್ಲಿ ನವಮಂಗಳೂರು ಬಂದರು, 1979ರಲ್ಲಿ ಹಾಸನ ಮಂಗಳೂರು ರೈಲು ಬಂದ ಮೇಲೆ ಮೈಸೂರಿನ ಸರಕಿಗೆ ಕಡಲು ಎಂದರೆ ಮಂಗಳೂರು ಎಂದಾಯಿತು. ಹೆಗ್ಗಡದೇವನಕೋಟೆಯ ಕಡೆ 1974ರ ಕಬಿನಿ ಅಣೆಕಟ್ಟಿನ ಹಿನ್ನೀರು ಕಾಕನಕೋಟೆಯ ಆನೆ ಹಿಡಿಯುತ್ತಿದ್ದ ಹಳೆಯ ಖೆಡ್ಡಾ ನೆಲವನ್ನು ಮುಳುಗಿಸಿತು. ಅಲ್ಲಿಂದ ವಯನಾಡಿಗೆ ಹೋಗುವ ಮಾನಂದವಾಡಿ ರಸ್ತೆಗೆ ರಾತ್ರಿ ಗೇಟು ಬಿತ್ತು. ಆ ಗೇಟು ಆನೆಗಳ ಹಿತಕ್ಕೆ ಬೇಕಾದದ್ದೇ.

ಕಾಡಿನಲ್ಲಿ ಬಿಟ್ಟುಹೋದ ಜಾಡು ಕಾಡಿಗೇ ಇರಲಿ. ಮಾಕುಟ್ಟದ ಸುತ್ತ ಬ್ರಹ್ಮಗಿರಿ ವನ್ಯಧಾಮವಿದೆ. ಅಪ್ಪಣೆಯಿಲ್ಲದೆ ಅಲ್ಲಿ ಅಲೆಯುವುದು ಅಪರಾಧ, ಜೀವಕ್ಕೂ ಅಪಾಯ. ಆದರೆ ಈ ಘಟ್ಟದ ಅರ್ಧ ಚರಿತ್ರೆ ನಮ್ಮ ಬಯಲಿನಲ್ಲಿದೆ, ಅದನ್ನು ಓದಲು ಯಾರ ಅಪ್ಪಣೆಯೂ ಬೇಡ. ನಾಲ್ಕು ತಾಲ್ಲೂಕುಗಳ ಕಾಲೇಜುಗಳಿಗೆ ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ.

ಪಿರಿಯಾಪಟ್ಟಣದವರು ಕೋಟೆಯ ಉಳಿದ ಗೋಡೆಯ ಅಳತೆ ಹಿಡಿದು, ಸಿದ್ದಾಪುರದ ಕಡೆಯ ಹಳೆಯ ದಾರಿಯನ್ನು ಹಳ್ಳಿಯ ಹಿರಿಯರಿಂದ ಕೇಳಿ ನಕ್ಷೆಯಲ್ಲಿ ಗುರುತಿಸಲಿ. ಕೃಷ್ಣರಾಜನಗರದವರು ಎಡತೊರೆಯ ಹಳೆಯ ಹೊಳೆಗಡವನ್ನು ಬೇಸಿಗೆಯಲ್ಲಿ ನೋಡಿ ದಾಖಲಿಸಲಿ. ಹೆಗ್ಗಡದೇವನಕೋಟೆಯವರು ಹಿನ್ನೀರು ಇಳಿದಾಗ ತೋರುವ ಹಳೆಯ ನೆಲದ ಬಗ್ಗೆ ಅಲ್ಲಿಂದ ಎದ್ದುಬಂದ ಕುಟುಂಬಗಳ ಮಾತನ್ನು ಬರೆದುಕೊಳ್ಳಲಿ. ಹುಣಸೂರಿನವರು ಕಂದಾಯ ಕಡತಗಳಲ್ಲಿ ಕಾವಲು ಎಂದು ಬರೆದಿರುವ ಪ್ರತಿ ಸರ್ವೆ ನಂಬರನ್ನೂ ಪಟ್ಟಿ ಮಾಡಲಿ. ಅಮೃತ ಮಹಲ್ ಎತ್ತು ಯಾವ ತಿಂಗಳು ಎಲ್ಲಿ ಮೇಯುತ್ತಿತ್ತು ಎಂಬುದು ಅದರಿಂದ ಹೊರಬರುತ್ತದೆ. ಈ ನಾಲ್ಕು ಪಟ್ಟಿಗಳು ಒಂದು ಕಡೆ ಸೇರಿದರೆ ಹೆಗ್ಗಳದ ದಾರಿಯ ಬಯಲಿನ ಅರ್ಧದ ನಕ್ಷೆ ನಮ್ಮ ಕೈಯಲ್ಲಿರುತ್ತದೆ. ಮುಂದಿನ ಸಲ ಘಟ್ಟ ಕುಸಿದು ರಸ್ತೆಯನ್ನು ಹೊಸದಾಗಿ ಮಾಡಬೇಕಾದಾಗ, ಅಗಲ ಎಷ್ಟು ಎಂದು ಕೇಳುವ ಮೊದಲು ಚರಂಡಿ ಎಲ್ಲಿ, ಅದನ್ನು ನೋಡಿಕೊಳ್ಳುವವರು ಯಾರು, ಅವರ ಸಂಬಳ ಎಲ್ಲಿಂದ ಎಂದು ಕೇಳುವ ತಿಳಿವಳಿಕೆಯೂ ಆ ನಕ್ಷೆಯಿಂದ ಬರಬೇಕು ಎಂಬುದು ನನ್ನ ಆಸೆ.